ತುಕ್ಕು ತಿಂದ ತಳ

(ಹಳೆಯ ಮೋಟಾರು ವಾಹನಗಳ ಆಸಕ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)

ಹಳೆಯ ಕಾರೊಂದನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಏನನ್ನು ನೋಡುತ್ತಾರೆ? ಮೊದಲು ಬಣ್ಣ. ಆಮೇಲೆ ಬಾನೆಟ್ ಎತ್ತಿಸಿ ಎಂಜಿನ್ನಿನ ಸದ್ದು ಕೇಳುತ್ತಾರೆ, ಹೊಗೆಯ ಬಣ್ಣ ಗಮನಿಸುತ್ತಾರೆ, ಟೈರಿನ ಸವೆತವನ್ನು ಬೆರಳಿಟ್ಟು ಅಳೆಯುತ್ತಾರೆ. ಸ್ವಲ್ಪ ಎಚ್ಚರದವರಾದರೆ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆತಂದು ಒಂದು ಸುತ್ತು ಓಡಿಸಿ ನೋಡುತ್ತಾರೆ. ಕಾಗದಪತ್ರ ಸರಿಯಿದೆಯೇ, ಇನ್ಶೂರೆನ್ಸ್ ಎಲ್ಲಿಯವರೆಗೆ ಕಟ್ಟಿದೆ ಎಂದು ವಿಚಾರಿಸಿ ಚೌಕಾಸಿಗೆ ಕೂರುತ್ತಾರೆ. ಮಂಡಿಯೂರಿ, ತಲೆಯನ್ನು ನೆಲಕ್ಕೆ ತಾಗಿಸಿ, ಟಾರ್ಚು ಹಿಡಿದು ಕಾರಿನ ಹೊಟ್ಟೆಯನ್ನು ನೋಡುವವರು ಮಾತ್ರ ತೀರ ಅಪರೂಪ. ಎಂಜಿನ್ ಕೆಟ್ಟರೆ ಕಾರು ನಿಂತುಬಿಡುತ್ತದೆ. ಬ್ಯಾಟರಿ ಸತ್ತರೆ ಹೊರಡುವುದೇ ಇಲ್ಲ. ತಳ ಕೊಳೆತ ಕಾರು ಹಾಗಲ್ಲ, ಓಡುತ್ತಲೇ ಇರುತ್ತದೆ. ಅಪಾಯ ಇರುವುದೇ ಅಲ್ಲಿ.

ತುಕ್ಕನ್ನು ಕಬ್ಬಿಣದ ರೋಗವೆಂದು ಕರೆಯುವುದು ರೂಢಿ. ರಸಾಯನಶಾಸ್ತ್ರದ ಕಣ್ಣಿನಲ್ಲಿ ಅದು ಕಬ್ಬಿಣ ತನ್ನ ತವರಿಗೆ ಮರಳುವ ಕ್ರಿಯೆ. ನೆಲದಿಂದ ಅಗೆದು ತೆಗೆಯುವ ಅದಿರಿನಲ್ಲಿ ಕಬ್ಬಿಣ ಆಮ್ಲಜನಕದೊಡನೆ ಕೂಡಿಕೊಂಡೇ ಇರುತ್ತದೆ. ಸಂಡೂರಿನ ಕೆಂಪು ಮಣ್ಣನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕುಲುಮೆಯಲ್ಲಿ ಅಪಾರ ಶಾಖವನ್ನು ವ್ಯಯಿಸಿ ಆ ಆಮ್ಲಜನಕವನ್ನು ಬಿಡಿಸಿದಾಗ ಲೋಹ ದೊರೆಯುತ್ತದೆ. ಆದರೆ ನೀರು ಮತ್ತು ಗಾಳಿ ಎರಡೂ ಒಟ್ಟಿಗೆ ಸಿಕ್ಕರೆ ಸಾಕು, ಅದು ಮತ್ತೆ ಆಮ್ಲಜನಕದ ಕೈ ಹಿಡಿಯುತ್ತದೆ.

ಈ ಕ್ರಿಯೆ ನಡೆಯುವ ಬಗೆ ಕುತೂಹಲಕರವಾದುದು. ಒದ್ದೆಯಾದ ತಗಡಿನ ಮೇಲೆ ಒಂದು ಜಾಗ ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಪಕ್ಕದ ಇನ್ನೊಂದು ಜಾಗದಲ್ಲಿ ಆ ಇಲೆಕ್ಟ್ರಾನುಗಳು ನೀರಿನಲ್ಲಿರುವ ಆಮ್ಲಜನಕವನ್ನು ಸೇರುತ್ತವೆ. ಟಾರ್ಚಿನ ಸೆಲ್ಲಿನಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ನೀರಿಗೆ ಉಪ್ಪು ಬೆರೆತರೆ ಅದರಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ತಗಡು ಕರಗುವ ವೇಗವೂ ಏರುತ್ತದೆ. ಇಲ್ಲಿ ಒಂದು ವಿಚಿತ್ರವಿದೆ. ಆಮ್ಲಜನಕ ಹೇರಳವಾಗಿ ಸಿಗುವ ತೆರೆದ ಜಾಗಕ್ಕಿಂತ ಅದು ಕಡಿಮೆ ಸಿಗುವ ಸಂದಿಯೇ ಹೆಚ್ಚು ಕರಗುತ್ತದೆ. ಎರಡು ತಗಡುಗಳನ್ನು ಒಂದರ ಮೇಲೊಂದು ಇಟ್ಟು ವೆಲ್ಡ್ ಮಾಡಿದ ಅಂಚು, ಮಡ್‌ಗಾರ್ಡಿನ ಒಳಮಗ್ಗುಲಲ್ಲಿ ಮೆತ್ತಿಕೊಂಡ ಕೆಸರಿನ ಹಿಂಭಾಗ, ಬಾಗಿಲಿನ ಕೆಳಗಿನ ಟೊಳ್ಳು ಪೆಟ್ಟಿಗೆಯ ಒಳತಳ, ಹೀಗೆ ಕಣ್ಣಿಗೆ ಬೀಳದ ಜಾಗಗಳನ್ನೇ ತುಕ್ಕು ಆರಿಸಿಕೊಳ್ಳುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ; ಹಾಗಾಗಿ ಒಳಗಿನಿಂದ ಒತ್ತಿ ಹೊರಗಿನ ಬಣ್ಣವನ್ನು ಗುಳ್ಳೆಯೆಬ್ಬಿಸುತ್ತದೆ. ಬಾಗಿಲ ಕೆಳಗಿನ ಅಂಚಿನಲ್ಲಿ ಬಟಾಣಿ ಗಾತ್ರದ ಗುಳ್ಳೆಯೊಂದು ಕಂಡರೆ, ‘ಈಗಷ್ಟೇ ಶುರುವಾಗಿದೆ’ ಎಂದು ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು. ಬಹುಮಟ್ಟಿಗೆ ಆ ಹೊತ್ತಿಗೆ ಒಳಗಿನ ಊಟ ಮುಗಿಯುತ್ತ ಬಂದಿರುತ್ತದೆ.

ಮೋಟಾರು ವಾಹನದ ಮೊದಲ ದಿನಗಳಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯವಾಗಿರಲಿಲ್ಲ. ಆಗಿನ ಕಾರಿಗೆ ಏಣಿಯಾಕಾರದ ದಪ್ಪ ಉಕ್ಕಿನ ಚಾಸಿ ಇರುತ್ತಿತ್ತು. ಎಂಜಿನ್, ಸ್ಪ್ರಿಂಗು, ಗಾಲಿ ಎಲ್ಲವೂ ಅದಕ್ಕೆ ಜೋಡಣೆಯಾಗುತ್ತಿದ್ದವು. ಜನ ಕೂರುವ ಮೇಲಿನ ಭಾಗ ಸಾರೋಟು ಕಟ್ಟುವವರ ಕೈಯಲ್ಲಿ ಮರದ ಚೌಕಟ್ಟಿನ ಮೇಲೆ ತಯಾರಾಗಿ, ಚಾಸಿಯ ಮೇಲೆ ಕೂರುತ್ತಿತ್ತು. ಇಂದಿನ ಲಾರಿಗಳನ್ನು ನೋಡಿದರೆ ಆ ಕ್ರಮ ಅರ್ಥವಾಗುತ್ತದೆ. ಮೇಲಿನ ತಗಡು ಒಂದಿಷ್ಟು ತುಕ್ಕು ಹಿಡಿದರೆ ಚೆಂದ ಕೆಡುತ್ತಿತ್ತೇ ವಿನಾ ಗಾಡಿ ಕುಸಿಯುತ್ತಿರಲಿಲ್ಲ.

ಈ ಕ್ರಮವನ್ನು ಮುರಿದವರಲ್ಲಿ ಮೊದಲಿಗನ ಸ್ಥಾನ ಸಲ್ಲುವುದು ಇಟಲಿಯ ಟ್ಯೂರಿನ್ ನಗರದ ವಿಂಚೆನ್ಸೋ ಲಾಂಚಿಯಾನಿಗೆ. ಆತನ ಸಂಸ್ಥೆ 1922ರಲ್ಲಿ ಜಗತ್ತಿನ ಮುಂದಿಟ್ಟ ‘ಲ್ಯಾಂಬ್ಡಾ’ ಕಾರಿಗೆ ಬೇರೆ ಚಾಸಿಯೇ ಇರಲಿಲ್ಲ. ದೋಣಿಯ ಒಡಲಿನಂತೆ ಕಾರಿನ ಮೈಯೇ ಅದರ ಬೆನ್ನೆಲುಬಾಗಿತ್ತು. ಮುಂದೆ 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆ ‘ಟ್ರಾಕ್ಷನ್ ಅವಾಂ’ ಎಂಬ ಕಾರಿನ ಮೂಲಕ ಈ ವಿಧಾನವನ್ನು ಭಾರಿ ಸಂಖ್ಯೆಯ ತಯಾರಿಕೆಗೆ ಇಳಿಸಿತು. ಎರಡನೆಯ ಮಹಾಯುದ್ಧದ ನಂತರ ಜಗತ್ತಿನ ಬಹುತೇಕ ಕಾರುಗಳು ಇದೇ ದಾರಿ ಹಿಡಿದವು. ತೂಕ ಕಡಿಮೆ, ಖರ್ಚು ಕಡಿಮೆ, ಒಳಗೆ ಜಾಗ ಹೆಚ್ಚು. ಕಾರ್ಖಾನೆಯವರಿಗೆ ಬೇರೇನು ಬೇಕು? ಭಾರತೀಯರ ನೆಚ್ಚಿನ ಅಂಬಾಸಿಡರ್ ಕೂಡ ಈ ಜಾತಿಯದೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಿಂದ ಬಂದ ಈ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಯಿತು. ಫಿಯೆಟ್ 1100ರ ಮಗಳಾದ ಪ್ರೀಮಿಯರ್ ಪದ್ಮಿನಿಗೂ ಬೇರೆ ಚಾಸಿ ಇರಲಿಲ್ಲ. ‘ಅಂಬಾಸಿಡರಿನ ಚಾಸಿ ಗಟ್ಟಿ’ ಎಂದು ಹೊಗಳುವವರು ಈಗಲೂ ಸಿಗುತ್ತಾರೆ. ಅವರು ಹೊಗಳುತ್ತಿರುವುದು ವಾಸ್ತವವಾಗಿ ಆ ಕಾರಿನ ತಳದ ತಗಡನ್ನು.

ಮೈಯೇ ಬೆನ್ನೆಲುಬಾದಾಗ ಬದಲಾದದ್ದೇನು ಎಂಬುದನ್ನು ಒಂದು ಬೆಂಕಿಪೊಟ್ಟಣದಿಂದ ತಿಳಿಯಬಹುದು. ಕಡ್ಡಿ ತುಂಬುವ ಒಳಗಿನ ತಟ್ಟೆ ಇರುವ ತನಕ ಪೊಟ್ಟಣವನ್ನು ತಿರುಚುವುದು ಸುಲಭವಲ್ಲ. ತಟ್ಟೆಯನ್ನು ಎಳೆದುಹಾಕಿ ಬರಿಯ ಹೊರಕವಚವನ್ನು ಒತ್ತಿದರೆ ಅದು ಚಪ್ಪಟೆಯಾಗುತ್ತದೆ. ಎರಡರದೂ ಕಾಗದ ಒಂದೇ ದಪ್ಪ. ಗಟ್ಟಿತನ ಬಂದದ್ದು ಆಕಾರದಿಂದ. ಕಾರಿನ ತಗಡೂ ಹೆಚ್ಚಿನ ಕಡೆ ಒಂದು ಮಿಲಿಮೀಟರಿನ ಆಸುಪಾಸಿನ ತೆಳುವಾದುದೇ. ಅದನ್ನು ಮಡಚಿ, ಪೆಟ್ಟಿಗೆಯಂತೆ ಮುಚ್ಚಿ, ಸಾವಿರಾರು ಚುಕ್ಕೆಗಳಲ್ಲಿ ವೆಲ್ಡ್ ಮಾಡಿದ್ದರಿಂದ ಅದಕ್ಕೆ ಬಲ ಬಂದಿದೆ. ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾಯುವ ‘ಸಿಲ್’ ಎಂಬ ಟೊಳ್ಳು ತೊಲೆ, ನೆಲದ ಅಡ್ಡಪಟ್ಟಿಗಳು, ಸ್ಪ್ರಿಂಗಿನ ತುದಿ ಕೂರುವ ಗೂಡು, ಇವು ತಿಂದುಹೋದರೆ ಮೇಲಿನ ಬಣ್ಣ ಎಷ್ಟೇ ಹೊಳೆದರೂ ಉಳಿದಿರುವುದು ಬರಿಯ ಹೊರಕವಚ. ಅಂಥ ಕಾರು ಒಂದು ದಿನ ಹಳ್ಳಕ್ಕೆ ಇಳಿದಾಗ ಹಿಂದಿನ ಸ್ಪ್ರಿಂಗ್ ಪಟ್ಟಿ ಡಿಕ್ಕಿಯ ನೆಲವನ್ನು ತೂರಿಕೊಂಡು ಮೇಲೆ ಬರಬಹುದು. ಡಿಕ್ಕಿ ಹೊಡೆದರಂತೂ ಒಳಗಿದ್ದವರನ್ನು ಕಾಯಬೇಕಾದ ಪಂಜರ ಲೆಕ್ಕ ಹಾಕಿದ ಬಗೆಯಲ್ಲಿ ಮಡಚಿಕೊಳ್ಳುವ ಬದಲು ಎಲ್ಲೆಂದರಲ್ಲಿ ಹರಿಯುತ್ತದೆ. ಸೀಟ್ ಬೆಲ್ಟಿನ ವಿಷಯ ಇನ್ನೂ ಕಠೋರ. ಬೆಲ್ಟು ಹೊಸದಿರಬಹುದು, ಕಟ್ಟಿಕೊಂಡವರು ಶಿಸ್ತಿನವರಿರಬಹುದು. ಆದರೆ ಅದರ ಬೋಲ್ಟು ಕಚ್ಚಿರುವ ನೆಲವೇ ಬಿಸ್ಕತ್ತಿನಂತಾಗಿದ್ದರೆ ಬೆಲ್ಟು ಯಾರನ್ನೂ ಹಿಡಿದು ನಿಲ್ಲಿಸಲಾರದು.

ಇಷ್ಟಕ್ಕೆ ಉಪ್ಪು ಸೇರಿಕೊಂಡಿತು. ಶೀತದೇಶಗಳಲ್ಲಿ ಚಳಿಗಾಲದ ಮಂಜು ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಕ್ರಮ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ 1938ರಲ್ಲಿ ಪ್ರಯೋಗವಾಗಿ ಶುರುವಾಯಿತು. ಯುದ್ಧ ಮುಗಿದ ಮೇಲೆ ಹೆದ್ದಾರಿಗಳು ಹಬ್ಬಿದವು. ಜನ ಚಳಿಗಾಲದಲ್ಲೂ ಬೇಸಿಗೆಯಂತೆಯೇ ವೇಗವಾಗಿ ಓಡಾಡಲು ಬಯಸಿದರು. ಉತ್ತರ ಅಮೆರಿಕ, ಬ್ರಿಟನ್, ಸ್ಕ್ಯಾಂಡಿನೇವಿಯದ ರಸ್ತೆಗಳಿಗೆ ವರ್ಷವರ್ಷವೂ ರಾಶಿರಾಶಿ ಉಪ್ಪು ಬಿತ್ತು. ಮೈಯೇ ಬೆನ್ನೆಲುಬಾದ ಕಾರುಗಳೂ ಉಪ್ಪಿನ ರಸ್ತೆಗಳೂ ಒಂದೇ ಕಾಲಘಟ್ಟದಲ್ಲಿ ಬಂದದ್ದು ಮೋಟಾರಿನ ಚರಿತ್ರೆಯ ದೊಡ್ಡ ಎಡವಟ್ಟುಗಳಲ್ಲೊಂದು. ಜಾರಿ ಬೀಳದಿರಲೆಂದು ಹಾಕಿದ ಉಪ್ಪು ಕಾರನ್ನೇ ಕೆಳಗಿನಿಂದ ಬೇಯಿಸತೊಡಗಿತು.

ಈ ಕತೆಯ ಅತಿ ಪ್ರಸಿದ್ಧ ಅಧ್ಯಾಯದ ನಾಯಕ ಮತ್ತೆ ಲಾಂಚಿಯಾ ಸಂಸ್ಥೆಯೇ ಎಂಬುದು ವಿಧಿಯ ವ್ಯಂಗ್ಯ. 1969ರಲ್ಲಿ ಈ ಸಂಸ್ಥೆ ಫಿಯೆಟ್ ಒಡೆತನಕ್ಕೆ ಬಂತು. ಹೊಸ ಒಡೆಯರ ಕೈಕೆಳಗೆ 1972ರಲ್ಲಿ ಹೊರಬಂದ ಹೊಚ್ಚಹೊಸ ಕಾರು ‘ಬೀಟಾ’. ಓಡಿಸಿದವರೆಲ್ಲ ಮೆಚ್ಚಿದ ಕಾರು ಅದು. ಎಂಜಿನ್ ಚುರುಕು, ತಿರುವಿನಲ್ಲಿ ಹಿಡಿತ ಸೊಗಸು. ಇಟಲಿಯ ಹೊರಗೆ ಅದಕ್ಕೆ ಒಳ್ಳೆಯ ಗಿರಾಕಿಗಳಿದ್ದುದು ಬ್ರಿಟನ್ನಿನಲ್ಲಿ. ಈ ಕಾರಿನ ಎಂಜಿನ್ನನ್ನೂ ಮುಂಗಾಲಿಗಳ ಜೋಡಣೆಯನ್ನೂ ಹೊತ್ತಿದ್ದುದು ಮುಂಭಾಗದ ಒಂದು ಉಪಚೌಕಟ್ಟು. ಅದನ್ನು ಕಾರಿನ ಮೈಗೆ ಬೋಲ್ಟುಗಳಿಂದ ಬಿಗಿದಿದ್ದರು. ಮೊದಲ ಸರಣಿಯ ಕಾರುಗಳಲ್ಲಿ ಆ ಉಪಚೌಕಟ್ಟಿನ ಹಿಂಬದಿ ಮೈಗೆ ಸೇರುವ ಜಾಗದಲ್ಲಿ ನೀರು, ಕೆಸರು, ಉಪ್ಪು ಸೇರಿ ತಗಡು ತಿಂದುಹೋಗತೊಡಗಿತು. ಎಂಜಿನ್ ನೇತಾಡುವ ಬಿಂದುವೇ ಸಡಿಲವಾಗುತ್ತಿದೆ ಎಂದರೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

1980ರಲ್ಲಿ ‘ಡೈಲಿ ಮಿರರ್’ ಪತ್ರಿಕೆಯೂ ಟೆಲಿವಿಷನ್ನೂ ಈ ಸಂಗತಿಯನ್ನು ಎತ್ತಿಕೊಂಡವು. ಎಂಜಿನ್ ಕಳಚಿ ಬೀಳುವ ಕಾರು ಎಂಬ ಮಾತು ಮನೆಮನೆಗೂ ಮುಟ್ಟಿತು. ಸಂಸ್ಥೆ ಹಳೆಯ ಬೀಟಾಗಳನ್ನು ಪರೀಕ್ಷೆಗೆ ಕರೆದು, ಕೆಟ್ಟವನ್ನು ಮಾಲೀಕರಿಂದ ಮರಳಿ ಕೊಂಡು ಗುಜರಿಗೆ ಹಾಕಿತು. ನ್ಯಾಯವಾಗಿ ನೋಡಿದರೆ ಅಂದಿನ ಕಾಲಕ್ಕೆ ಅದು ಅಪರೂಪದ ಜವಾಬ್ದಾರಿಯ ನಡೆ. ಆದರೆ ಗುಜರಿ ಅಂಗಳದಲ್ಲಿ ಸಾಲುಗಟ್ಟಿದ, ಇನ್ನೂ ಹೊಸದರಂತೆ ಕಾಣುವ ಕಾರುಗಳು ಜನರ ಕಣ್ಣಿಗೆ ಬೇರೆಯದೇ ಕತೆ ಹೇಳಿದವು. ಆ ಹೊತ್ತಿಗೆ ಬೀಟಾದ ಮುಂದಿನ ಸರಣಿಯಲ್ಲಿ ದೋಷವನ್ನು ತಿದ್ದಲಾಗಿತ್ತು ಎಂಬುದನ್ನು ಕೇಳುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. 1987ರಿಂದ 1992ರವರೆಗೆ ಸತತ ಆರು ವರ್ಷ ಲಾಂಚಿಯಾ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ತಯಾರಕರ ಪ್ರಶಸ್ತಿ ಗೆದ್ದಿತು. ಬ್ರಿಟಿಷರು ಚಪ್ಪಾಳೆ ತಟ್ಟಿದರು, ಕಾರು ಕೊಳ್ಳಲಿಲ್ಲ. 1994ರಲ್ಲಿ ಸಂಸ್ಥೆ ಆ ಮಾರುಕಟ್ಟೆಯನ್ನೇ ತೊರೆಯಿತು. 2011ರಲ್ಲಿ ಅದರ ಕಾರುಗಳು ಬ್ರಿಟನ್ನಿಗೆ ಮರಳಿದಾಗ ಅವುಗಳ ಮೂತಿಯ ಮೇಲೆ ಇದ್ದ ಹೆಸರು ಲಾಂಚಿಯಾ ಅಲ್ಲ, ಕ್ರೈಸ್ಲರ್!

ಬೀಟಾ ಏಕೆ ಹಾಗಾಯಿತು ಎಂಬುದಕ್ಕೆ ಒಂದು ಜನಪ್ರಿಯ ವಿವರಣೆಯಿದೆ. ಸೋವಿಯತ್ ಒಕ್ಕೂಟಕ್ಕೆ ಕಾರ್ಖಾನೆ ಕಟ್ಟಿಕೊಡಲು ಫಿಯೆಟ್ 1966ರಲ್ಲಿ ಒಪ್ಪಂದ ಮಾಡಿಕೊಂಡದ್ದು ನಿಜ. ಅದಕ್ಕೆ ಪ್ರತಿಯಾಗಿ ಬಂದ ರಷ್ಯದ ಕಳಪೆ ಉಕ್ಕಿನಿಂದ ಇಟಲಿಯ ಕಾರುಗಳು ಕೊಳೆತವು ಎಂಬುದು ಆ ಕತೆ. ಕೇಳಲು ರುಚಿಯಾಗಿದೆ. ಆದರೆ ಅದೇ ಕಾಲದ ಬ್ರಿಟಿಷ್, ಫ್ರೆಂಚ್, ಜಪಾನಿ ಕಾರುಗಳೂ ಧಾರಾಳವಾಗಿ ತುಕ್ಕು ಹಿಡಿಯುತ್ತಿದ್ದವು. ಅವಕ್ಕೆಲ್ಲ ರಷ್ಯದ ಉಕ್ಕು ಬಂದಿರಲಿಲ್ಲ. ನೀರು ನಿಲ್ಲುವಂತೆ ರೂಪಿಸಿದ ಮೂಲೆಗಳು, ಬಣ್ಣ ತಲುಪದ ಟೊಳ್ಳುಗಳು, ಸತುವಿನ ಲೇಪವಿಲ್ಲದ ಬರಿಯ ತಗಡು, ಇಷ್ಟೇ ಸಾಕು ಈ ಒಗಟು ಬಿಡಿಸಲು. ಅಪರಾಧಿಯನ್ನು ಹೊರದೇಶದಲ್ಲಿ ಹುಡುಕುವುದು ಎಲ್ಲ ಕಡೆಯ ಜನರಿಗೂ ಪ್ರಿಯವಾದ ಕೆಲಸ.

ಬ್ರಿಟನ್ನಿನ ಸರ್ಕಾರ ಈ ವಿಷಯದಲ್ಲಿ ಕಣ್ಣು ಮುಚ್ಚಿ ಕೂತಿರಲಿಲ್ಲ. ಹಳೆಯ ಕಾರುಗಳಿಗೆ ಕಡ್ಡಾಯ ಪರೀಕ್ಷೆ ಅಲ್ಲಿ 1960ರಲ್ಲಿ ಆರಂಭವಾಯಿತು. ಎಂ.ಒ.ಟಿ. ಎಂದು ಪ್ರಸಿದ್ಧವಾದ ಈ ಪರೀಕ್ಷೆ ಮೊದಲಿಗೆ ಹತ್ತು ವರ್ಷ ದಾಟಿದ ವಾಹನಗಳಿಗಷ್ಟೇ ಇತ್ತು. ಬ್ರೇಕು, ದೀಪ, ಸ್ಟಿಯರಿಂಗ್ ನೋಡಿ ಬಿಡುತ್ತಿದ್ದರು. ನಪಾಸಾದವುಗಳ ಪ್ರಮಾಣ ಕಂಡು ಅಧಿಕಾರಿಗಳೇ ಬೆಚ್ಚಿ, ಮರುವರ್ಷವೇ ಅವಧಿಯನ್ನು ಏಳು ವರ್ಷಕ್ಕೆ, 1967ರಲ್ಲಿ ಮೂರು ವರ್ಷಕ್ಕೆ ಇಳಿಸಿದರು. ಕಾರಿನ ಮೈಕಟ್ಟು ಮತ್ತು ಚಾಸಿಯ ಸ್ಥಿತಿ ಪರೀಕ್ಷೆಯ ಪಟ್ಟಿಗೆ ಸೇರಿದ್ದು 1977ರಲ್ಲಿ. ಅಲ್ಲಿಂದ ಮುಂದೆ ಪರೀಕ್ಷಕನ ಕೈಯಲ್ಲಿ ಒಂದು ಪುಟ್ಟ ಸುತ್ತಿಗೆಯಂಥ ಸಲಕರಣೆ. ಗಟ್ಟಿ ತಗಡಿಗೆ ತಟ್ಟಿದರೆ ಬರುವ ನಾದ ಒಂದು, ತುಕ್ಕು ತಿಂದದ್ದಕ್ಕೆ ತಟ್ಟಿದರೆ ಬರುವ ಮಂಕು ಸದ್ದು ಇನ್ನೊಂದು. ತೆಂಗಿನಕಾಯಿ ಆರಿಸುವವರಿಗೆ ಈ ವಿದ್ಯೆ ಹೊಸದಲ್ಲ.

ಆ ಪರೀಕ್ಷೆಯ ಒಂದು ತತ್ವ ಬಹಳ ವಿವೇಕದ್ದು. ಕಾರಿನಲ್ಲಿ ಎಲ್ಲಿಯಾದರೂ ತುಕ್ಕು ಇದ್ದರೆ ನಪಾಸು ಎಂದು ಅದು ಹೇಳುವುದಿಲ್ಲ. ಸ್ಟಿಯರಿಂಗ್, ಬ್ರೇಕು, ಸಸ್ಪೆನ್ಷನ್, ಸೀಟ್ ಬೆಲ್ಟು ಇವು ಮೈಗೆ ಕೂಡುವ ಬಿಂದುಗಳ ಸುತ್ತ 30 ಸೆಂಟಿಮೀಟರಿನೊಳಗೆ ತಗಡು ಬಲಹೀನವಾಗಿದ್ದರೆ ಬಿಡುವುದಿಲ್ಲ. ಮಡ್‌ಗಾರ್ಡಿನ ತುದಿಯಲ್ಲಿ ಅಂಗೈಯಗಲದ ತೂತು ಇದ್ದರೂ ಕಾರು ಪಾಸಾಗಬಹುದು. ಬೆಲ್ಟಿನ ಬೋಲ್ಟಿನ ಪಕ್ಕ ಬೆರಳು ತೂರುವಷ್ಟು ತೂತಿದ್ದರೆ ಆಗದು. ರಿಪೇರಿಗೂ ನಿಯಮವಿದೆ. ಬಲ ಹೊರುವ ಜಾಗಕ್ಕೆ ಹಾಕಿದ ತೇಪೆಯ ಅಂಚನ್ನು ಸುತ್ತಲೂ ಬಿಡದೆ ವೆಲ್ಡ್ ಮಾಡಿರಬೇಕು; ಅಲ್ಲಿ ಪುಟ್ಟಿ, ಫೈಬರ್ ಗಾಜಿನ ಅಂಟು ನಡೆಯುವುದಿಲ್ಲ. ಮಾರಿಸ್ ಮೈನರ್ ಟ್ರಾವೆಲರ್ ಎಂಬ ಮುದ್ದಾದ ಕಾರಿನ ಹಿಂಭಾಗ ಮರದ ಚೌಕಟ್ಟಿನದು. ಅದು ಅಲಂಕಾರಕ್ಕೆ ಅಂಟಿಸಿದ್ದಲ್ಲ, ಭಾರ ಹೊರುವಂಥದು. ಹೀಗಾಗಿ ಆ ಕಾರು ಎಂ.ಒ.ಟಿ.ಗೆ ಹೋದರೆ ಮರ ಕೊಳೆತಿದೆಯೆಂಬ ಕಾರಣಕ್ಕೂ ನಪಾಸಾಗಬಹುದು.

2018ರ ಮೇ ತಿಂಗಳಿನಿಂದ ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಮಾರ್ಪಾಡುಗಳಿಗೆ ಒಳಗಾಗದ ಕಾರುಗಳಿಗೆ ಈ ಪರೀಕ್ಷೆಯಿಂದ ವಿನಾಯಿತಿ ಸಿಕ್ಕಿತು. ಅಂಥ ಕಾರುಗಳನ್ನು ಮಾಲೀಕರು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ, ಓಡಿಸುವುದೂ ಕಡಿಮೆ ಎಂಬುದು ಅದರ ಹಿಂದಿನ ವಾದ. ಅಕ್ಕರೆಯ ಮಾತು ಒಪ್ಪತಕ್ಕದ್ದೇ. ಆದರೆ ತುಕ್ಕು ಕಾರು ಓಡಿದ ಮೈಲಿಗಳನ್ನು ಎಣಿಸುವುದಿಲ್ಲ; ಹೊದಿಕೆ ಹೊದ್ದು ಶೆಡ್ಡಿನಲ್ಲಿ ನಿಂತ ಕಾರನ್ನೂ ತಿನ್ನುತ್ತದೆ. ಮಾಲೀಕರು ಇಷ್ಟಪಟ್ಟರೆ ಈಗಲೂ ಪರೀಕ್ಷೆ ಮಾಡಿಸಬಹುದು. ಮಾಡಿಸುವವರೇ ಜಾಣರು.

ಕಾರ್ಖಾನೆಗಳು ಈ ಶತ್ರುವಿಗೆ ಕಂಡುಕೊಂಡ ಉತ್ತರಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಕಾರಿನ ಇಡೀ ಮೈಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುವುದು. ವಿದ್ಯುತ್ತಿನ ಸೆಳೆತಕ್ಕೆ ಬಣ್ಣದ ಕಣಗಳು ಪಿಚಕಾರಿ ತಲುಪದ ಸಂದಿಗಳಿಗೂ ಹೋಗಿ ಅಂಟುತ್ತವೆ. ಅಮೆರಿಕದ ಫೋರ್ಡ್ ಸಂಸ್ಥೆಯಲ್ಲಿ 1960ರ ದಶಕದ ಆರಂಭದಲ್ಲಿ ರೂಢಿಗೆ ಬಂದ ಈ ವಿಧಾನ ಇಂದು ಲೋಕವ್ಯಾಪಿ. ಎರಡನೆಯದು ಸತುವಿನ ಲೇಪ. ಸತು ಮತ್ತು ಕಬ್ಬಿಣ ಒಟ್ಟಿಗಿದ್ದು ನೀರು ಬಿದ್ದರೆ ಸತುವೇ ಮುಂದಾಗಿ ಕರಗಿ ಕಬ್ಬಿಣವನ್ನು ಉಳಿಸುತ್ತದೆ. ನೀರಿನ ಬಕೆಟ್ಟಿಗೂ ಮಾಡಿನ ಶೀಟಿಗೂ ಬಹುಕಾಲದಿಂದ ಇದ್ದ ಈ ರಕ್ಷೆ ಕಾರಿನ ಮೈಗೆ ಬರಲು ತಡವಾದದ್ದು ಖರ್ಚಿನ ಕಾರಣದಿಂದ. ಪೋರ್ಷೆ ಸಂಸ್ಥೆ 1970ರ ದಶಕದ ನಡುವಿನಲ್ಲಿ, ಆಡಿ ಸಂಸ್ಥೆ ತನ್ನ ‘ಆಡಿ 100’ ಕಾರಿಗೆ 1980ರ ದಶಕದ ನಡುವಿನಲ್ಲಿ ಪೂರ್ತಿ ಸತು ಲೇಪಿತ ಮೈಯನ್ನು ಕೊಟ್ಟವು. 1981ರಲ್ಲಿ ಬಂದ ಡಿಲೋರಿಯನ್ ಕಾರಿನ ಹೊರಮೈ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನದು. ಆದರೆ ಕೆಳಗಿದ್ದ ಚಾಸಿ ಸಾಮಾನ್ಯ ಉಕ್ಕಿನದೇ. ಇಂದು ಅಂಥ ಕಾರು ಕೊಳ್ಳುವವರು ಮೊದಲು ನೋಡುವುದು ಚಾಸಿಯನ್ನು.

ದಪ್ಪ ಚಾಸಿ ಇದ್ದರೆ ಚಿಂತೆಯಿಲ್ಲ ಎಂದುಕೊಳ್ಳುವವರಿಗೆ ಟೊಯೋಟಾದ ಉದಾಹರಣೆಯಿದೆ. ಗಟ್ಟಿಮುಟ್ಟಿಗೆ ಹೆಸರಾದ ಈ ಸಂಸ್ಥೆಯ ‘ಟಕೋಮಾ’ ಪಿಕಪ್ ವಾಹನಗಳ ಏಣಿ ಚಾಸಿಗಳು ಅಮೆರಿಕದ ಉಪ್ಪಿನ ರಸ್ತೆಗಳಲ್ಲಿ ತೂತು ಬಿದ್ದವು. 1995ರಿಂದ 2000ದವರೆಗಿನ ಮಾದರಿಗಳಿಗೆ ಸಂಸ್ಥೆ 2008ರಲ್ಲಿ ವಾರಂಟಿಯನ್ನು 15 ವರ್ಷಕ್ಕೆ ಹೆಚ್ಚಿಸಿ, ತೀರ ಕೆಟ್ಟವನ್ನು ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ಮರಳಿ ಕೊಂಡಿತು. ಆಮೇಲಿನ ಮಾದರಿಗಳ ಮಾಲೀಕರು ಹೂಡಿದ ದಾವೆ 2016ರಲ್ಲಿ ರಾಜಿಯಾದಾಗ ಅದರ ವ್ಯಾಪ್ತಿಗೆ ಬಂದ ವಾಹನಗಳು ಸುಮಾರು 15 ಲಕ್ಷ. ಅಂದಾಜು ಹೊರೆ 340 ಕೋಟಿ ಡಾಲರುಗಳವರೆಗೆ.

ಇನ್ನು ಭಾರತದ ಮಾತು. ಇಲ್ಲಿನ ಬಹುತೇಕ ರಸ್ತೆಗಳಿಗೆ ಯಾರೂ ಉಪ್ಪು ಚೆಲ್ಲುವುದಿಲ್ಲ. ಬಿಜಾಪುರ, ರಾಯಚೂರಿನಂಥ ಒಣ ಸೀಮೆಯಲ್ಲಿ ನಿಂತ ಕಾರು ದಶಕಗಳ ನಂತರವೂ ತಳದಲ್ಲಿ ಗಟ್ಟಿಯಾಗಿರುವುದುಂಟು. ಕರಾವಳಿಯ ಸಂಗತಿ ಬೇರೆ. ಕಾರವಾರದಿಂದ ಮಂಗಳೂರಿನ ತನಕ ಕಡಲ ಗಾಳಿಯೇ ಉಪ್ಪನ್ನು ಹೊತ್ತು ತರುತ್ತದೆ. ಗಾಳಿಯ ತೇವಾಂಶ ಶೇಕಡಾ 75ನ್ನು ದಾಟಿದರೆ ಉಪ್ಪು ತಾನೇ ನೀರೆಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರಾಡುವುದು ಇದರಿಂದಲೇ. ಕಾರಿನ ತಳದ ಸಂದಿಯಲ್ಲಿ ಕೂತ ಉಪ್ಪೂ ಹಾಗೆಯೇ, ಮಳೆ ಬಾರದ ದಿನವೂ ತಗಡನ್ನು ಒದ್ದೆಯಾಗಿ ಇಟ್ಟಿರುತ್ತದೆ. ಬಂದರಿನಿಂದ ಹೊರಟ ಮೀನಿನ ಲಾರಿಗಳು ದಾರಿಯುದ್ದಕ್ಕೂ ಸುರಿಸುವ ಉಪ್ಪುನೀರನ್ನು ಇದಕ್ಕೆ ಸೇರಿಸಿಕೊಂಡರೆ ಕರಾವಳಿಯ ಹೆದ್ದಾರಿಗಳ ಕೆಲವು ಭಾಗಗಳು ಇಂಗ್ಲೆಂಡಿನ ಚಳಿಗಾಲದ ರಸ್ತೆಗಳಿಗೆ ಹೆಚ್ಚೇನೂ ಕಡಿಮೆಯಲ್ಲ. ಕೆಸರು ಹಾರುವ ಮಲೆನಾಡಿನಲ್ಲಿ ಉಪ್ಪು ಇಲ್ಲದಿದ್ದರೂ ತಿಂಗಳುಗಟ್ಟಲೆ ತಳ ಒಣಗದಿರುವುದೇ ಸಾಕು.

ಕಬ್ಬಿಣದ ಮಾತು ಬಂದಾಗ ಕೊಡಚಾದ್ರಿಯ ಕಂಬವನ್ನು ನೆನೆಯದವರಿಲ್ಲ. ಅಷ್ಟು ಮಳೆಗೆ, ಕಡಲಿಗೆ ಅಷ್ಟು ಹತ್ತಿರ ನಿಂತಿದ್ದರೂ ಅದು ಉಳಿದುಬಂದಿದೆ. ದೆಹಲಿಯ ಕಂಬಕ್ಕಂತೂ ಸುಮಾರು 1600 ವರ್ಷ. ಹಿಂದಿನವರ ಕಬ್ಬಿಣ ಅಷ್ಟು ಗಟ್ಟಿ, ಹಾಗಾಗಿ ಹಿಂದಿನ ಕಾರುಗಳೂ ಗಟ್ಟಿ ಎಂದು ತರ್ಕ ಹೂಡುವವರಿದ್ದಾರೆ. ದೆಹಲಿ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೇಲ್ಮೈಯಲ್ಲಿ ತೆಳುವಾದ ರಕ್ಷಾಪದರವೊಂದು ಬೆಳೆದಿದೆ ಎಂಬುದನ್ನು ಕಾನ್ಪುರ ಐ.ಐ.ಟಿ.ಯ ಆರ್. ಬಾಲಸುಬ್ರಹ್ಮಣ್ಯಂ ಅವರ ಸಂಶೋಧನೆ ವಿವರಿಸಿತು. ರಂಜಕ ಹೆಚ್ಚಾದರೆ ಉಕ್ಕು ಪೆಡಸಾಗುತ್ತದೆ. ಆದ್ದರಿಂದ ಅಚ್ಚಿನಲ್ಲಿ ಒತ್ತಿ ಬಾಗಿಸಬೇಕಾದ ಕಾರಿನ ತಗಡಿಗೆ ಅದು ಸಾಮಾನ್ಯವಾಗಿ ಒಗ್ಗುವುದಿಲ್ಲ. ಕಂಬಕ್ಕೂ ಕಾರಿಗೂ ಹೆಸರಿನಲ್ಲಷ್ಟೇ ನಂಟು.

ಇಲ್ಲಿನ ಕಾರುಗಳನ್ನು ತುಕ್ಕು ಹೊರಗಿನಿಂದ ಮಾತ್ರ ತಿನ್ನುವುದಿಲ್ಲ, ಒಳಗಿನಿಂದಲೂ ತಿನ್ನುತ್ತದೆ. ಮುಂಗಾಜಿನ ರಬ್ಬರು ಬಿರಿದು ಮಳೆನೀರು ಒಳಗಿಳಿಯುತ್ತದೆ. ಏಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೆ ಆ ನೀರೂ ಕಾಲ ಬುಡಕ್ಕೆ. ಮೇಲೆ ರಬ್ಬರ್ ಮ್ಯಾಟು, ಅದರ ಕೆಳಗೆ ನೀರು ಹೀರಿದ ಕಾರ್ಪೆಟ್ಟು, ಅದರ ಕೆಳಗೆ ತಗಡು. ಮ್ಯಾಟು ಒಣಗಿದಂತೆ ಕಾಣುವುದರಿಂದ ಯಾರಿಗೂ ಸಂಶಯ ಬಾರದು. ನೆರೆಯಲ್ಲಿ ಮುಳುಗಿದ ಕಾರುಗಳದು ಇನ್ನೊಂದು ಬಗೆ. 2015ರ ಚೆನ್ನೈ ನೆರೆಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ನೀರು ನಿಂತ ಕಾರುಗಳ ಸಿಲ್ಲುಗಳೊಳಗೆ ಹೊಕ್ಕ ಹೂಳು ಸೀಟು ತೊಳೆದು ಸೆಂಟು ಹೊಡೆದ ಮಾತ್ರಕ್ಕೆ ಹೊರಬರುವುದಿಲ್ಲ.

ಟಿಂಕರಿಂಗ್ ಶೆಡ್ಡುಗಳಲ್ಲಿ ಕೆಲಸ ಮಾಡುವವರ ಕೈಚಳಕ ದೊಡ್ಡದು. ಕೊಳೆತದ್ದನ್ನು ಪೂರ್ತಿ ಕತ್ತರಿಸಿ ತೆಗೆದು, ಗಟ್ಟಿ ತಗಡು ಸಿಗುವ ತನಕ ಹೋಗಿ, ಅಲ್ಲಿಗೆ ಹೊಸ ತಗಡು ಬೆಸೆದರೆ ಹಳೆಯ ಕಾರಿಗೆ ನಿಜವಾಗಿಯೂ ಮರುಜೀವ ಬರುತ್ತದೆ. ಆದರೆ ಅದಕ್ಕೆ ದಿನಗಳು ಬೇಕು, ಹಣ ಬೇಕು. ಮಾರುವ ಆತುರದಲ್ಲಿರುವವರು ತೂತಿನ ಮೇಲೆ ತಗಡಿನ ತುಂಡು ಇಟ್ಟು ನಾಲ್ಕು ಚುಕ್ಕೆ ವೆಲ್ಡ್ ಹಾಕಿಸಿ, ಪುಟ್ಟಿ ಮೆತ್ತಿಸಿ, ಮೇಲೆ ಕರಿಯ ಟಾರಿನಂಥ ಕೋಟಿಂಗ್ ಬಳಿಸುತ್ತಾರೆ. ಒಣಗಿದ ಶುದ್ಧ ತಗಡಿನ ಮೇಲೆ ಬಳಿದ ಕೋಟಿಂಗ್ ಒಳ್ಳೆಯ ರಕ್ಷೆ. ತುಕ್ಕಿನ ಮೇಲೆ ಬಳಿದರೆ ನೀರನ್ನು ಒಳಗೇ ಕೂಡಿಹಾಕಿ ಕೆಲಸ ಚುರುಕಾಗಿಸುತ್ತದೆ. ಹಾಗಾಗಿ ಹಳೆಯ ಕಾರಿನ ತಳಕ್ಕೆ ಹೊಚ್ಚಹೊಸ ಕರಿಬಣ್ಣ ಕಂಡರೆ ಸಂತೋಷಕ್ಕಿಂತ ಮೊದಲು ಅನುಮಾನ ಹುಟ್ಟಬೇಕು. ಇದಕ್ಕೆ ಹೋಲಿಸಿದರೆ ಮಳೆಗಾಲಕ್ಕೆ ಮುಂಚೆ ತಳಕ್ಕೆ ಸುಟ್ಟ ಎಂಜಿನ್ ಎಣ್ಣೆ ಹೊಡೆಸುತ್ತಿದ್ದ ಹಳೆಯ ಡ್ರೈವರುಗಳ ಪದ್ಧತಿಯಲ್ಲಿ ಬುದ್ಧಿ ಹೆಚ್ಚಿತ್ತು. ಎಣ್ಣೆ ಸಂದಿಗೆ ಇಳಿಯುತ್ತದೆ, ನೀರನ್ನು ದೂರವಿಡುತ್ತದೆ. ಆದರೆ ಆ ಎಣ್ಣೆ ರಬ್ಬರು ಬುಷ್‌ಗಳನ್ನು ಹಾಳುಮಾಡುತ್ತದೆ, ನೆಲಕ್ಕೆ ತೊಟ್ಟಿಕ್ಕಿ ಬಾವಿಯ ನೀರಿಗೂ ಸೇರುತ್ತದೆ. ಟೊಳ್ಳುಗಳೊಳಗೆ ಸಿಂಪಡಿಸುವ ಮೇಣದ ದ್ರಾವಣಗಳು ಈಗ ಸಿಗುವುದರಿಂದ ಆ ಪದ್ಧತಿ ಬಿಡುವುದೇ ಲೇಸು.

ಕಾನೂನಿನ ಪ್ರಕಾರ ಭಾರತದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆಯಾಗಿ ಐದು ವರ್ಷಕ್ಕೊಮ್ಮೆ ನವೀಕರಣ. ಮೊದಲ 15 ವರ್ಷ ಖಾಸಗಿ ಕಾರಿನ ಹೊಟ್ಟೆಯನ್ನು ನೋಡಬೇಕೆಂಬ ಕಡ್ಡಾಯವಿಲ್ಲ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿಯಿತ್ತು. ಕೊನೆಯ ಗಾಡಿಯ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿದಾಗ ಇಡೀ ನಗರ ಕಣ್ಣೊರೆಸಿಕೊಂಡಿತು. ವಯಸ್ಸನ್ನು ಎಣಿಸುವುದು ಸುಲಭ, ಜಗಳವಿಲ್ಲದ ಕೆಲಸ. ಆದರೆ ಒಣ ಊರಿನ 25 ವರ್ಷದ ಕಾರು ಗಟ್ಟಿಯಿರಬಹುದು, ಕಡಲ ದಂಡೆಯ 10 ವರ್ಷದ್ದು ಕೊಳೆತಿರಬಹುದು. ನೋಡಬೇಕಾದ್ದು ಹುಟ್ಟಿದ ವರ್ಷವನ್ನಲ್ಲ, ತಗಡನ್ನು.

ನೋಡುವ ಕ್ರಮವೂ ಕಷ್ಟದ್ದಲ್ಲ. ಸರ್ವಿಸ್ ಸ್ಟೇಷನ್ನಿನಲ್ಲಿ ಕಾರನ್ನು ಮೇಲೆತ್ತಿದಾಗ ಹತ್ತು ನಿಮಿಷ ಕೆಳಗೆ ನಿಂತರೆ ಸಾಕು. ಜಾಕ್ ಕೊಡುವ ಜಾಗವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಬೇಕು. ತಗಡು ಒಳಗೆ ಹೋದರೆ ಅಥವಾ ಒಳಗಿನಿಂದ ಪುಡಿ ಉದುರಿದರೆ ಸಿಲ್ ಮುಗಿದಿದೆ. ಸ್ಪ್ರಿಂಗು ಮತ್ತು ಬೆಲ್ಟು ಕೂಡುವ ಕಡೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಬೇಕು. ಮ್ಯಾಟು, ಕಾರ್ಪೆಟ್ಟು ಎರಡನ್ನೂ ಎತ್ತಿ ನೆಲ ನೋಡಬೇಕು. ಒಂದು ಬದಿಯನ್ನು ಜಾಕಿನಿಂದ ಎತ್ತಿದಾಗ ಅದುವರೆಗೆ ಸಲೀಸಾಗಿದ್ದ ಬಾಗಿಲು ಕಚ್ಚಿಕೊಂಡರೆ ಕಾರಿನ ಬೆನ್ನು ಬಾಗುತ್ತಿದೆಯೆಂದೇ ಲೆಕ್ಕ. ಬ್ರೇಕ್ ಎಣ್ಣೆ ಹರಿಯುವ ಸಣ್ಣ ಉಕ್ಕಿನ ಕೊಳವೆಗಳನ್ನು ಉದ್ದಕ್ಕೂ ಕೈಯಾಡಿಸಿ ನೋಡುವುದನ್ನು ಮರೆಯಬಾರದು. ತುಕ್ಕಿನಿಂದ ತೆಳುವಾದ ಕೊಳವೆ ಒಡೆಯುವುದು ಒತ್ತಡ ಅತಿ ಹೆಚ್ಚಿದಾಗ, ಎಂದರೆ ಎದುರಿಗೆ ಯಾರೋ ಅಡ್ಡ ಬಂದು ಬ್ರೇಕನ್ನು ಪೂರ್ತಿ ತುಳಿದ ಗಳಿಗೆಯಲ್ಲಿ. ಇನ್ನು ಬಾಗಿಲು ಮತ್ತು ಸಿಲ್ಲಿನ ಕೆಳ ಅಂಚಿನಲ್ಲಿ ನೀರು ಹೋಗಲೆಂದು ಕಾರ್ಖಾನೆಯವರೇ ಬಿಟ್ಟ ಸಣ್ಣ ತೂತುಗಳಿರುತ್ತವೆ. ಮಳೆಗಾಲ ಹಿಡಿಯುವ ಮುನ್ನ, ಬಿಟ್ಟ ಮೇಲೆ, ವರ್ಷಕ್ಕೆ ಎರಡು ಸಲ ಒಂದು ತಂತಿ ಹಿಡಿದು ಅವುಗಳ ಮಣ್ಣು ತೆಗೆದರೆ ಸಿಲ್ಲಿನೊಳಗೆ ನೀರು ನಿಲ್ಲುವುದಿಲ್ಲ.